ಕುಮಾರ ಪರ್ವತ ಒಂದೇ ದಿನದಲ್ಲಿ: ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಮುಗಿದು ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಗೆಳೆಯರ ಫೋನ್ ಶುರುವಾಗುತ್ತದೆ. "ಕೆಪಿ, ಅಂದರೆ ಕುಮಾರ ಪರ್ವತ ಹತ್ತಬೇಕು, ಹೇಗೆ ತಯಾರಾಗೋದು?" ನಾನು ಈ ಬೆಟ್ಟವನ್ನು ಕುಕ್ಕೆ ಕಡೆಯಿಂದಲೂ ಬೀದಹಳ್ಳಿ ಕಡೆಯಿಂದಲೂ ಹತ್ತಿದ್ದೇನೆ. ಒಂದು ಸಲ ತುದಿಗೆ ಮೊದಲು ಸಿಗುವ ಶೇಷಪರ್ವತದಿಂದಲೇ ವಾಪಸ್ ಬಂದಿದ್ದೇನೆ. ಎಲ್ಲರಿಗೂ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಕುಮಾರ ಪರ್ವತ ನಿಜವಾಗಲೂ ಅಷ್ಟು ಕಷ್ಟಾನಾ?

ಹೌದು, ಕಷ್ಟ. ಎತ್ತರ 1712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ತಡಿಯಂಡಮೋಳ್ ಕೂಡ ಸ್ವಲ್ಪ ಎತ್ತರವೇ. ಆದರೆ ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ ನೂರು ಮೀಟರ್ ಆಸುಪಾಸಿನಲ್ಲಿ. ಅಲ್ಲಿಂದ ಹೊರಟರೆ ಸುಮಾರು 1600 ಮೀಟರ್ ನಿಮ್ಮ ಕಾಲಿನಿಂದಲೇ ಹತ್ತಬೇಕು. ನಮ್ಮ ರಾಜ್ಯದಲ್ಲಿ ಒಂದೇ ಉಸಿರಿಗೆ ಇಷ್ಟು ಏರುವ ದಾರಿಗಳು ಬಹಳ ಕಡಿಮೆ.

ಕಷ್ಟ ಅಂದ ಮಾತ್ರಕ್ಕೆ ಹೆದರಬೇಕಿಲ್ಲ. ಹಗ್ಗ, ಕೊಕ್ಕೆ ಬೇಕಾಗುವ ಬೆಟ್ಟ ಇದಲ್ಲ. ಆರೋಗ್ಯವಾಗಿರುವ, ಎರಡು ತಿಂಗಳು ಮನಸಿಟ್ಟು ತಯಾರಾದ ಯಾರು ಬೇಕಾದರೂ ಹತ್ತಬಹುದು. ಸುಮ್ನೆ ಶನಿವಾರ ಯೋಚನೆ ಮಾಡಿ ಭಾನುವಾರ ಹೊರಡುವ ಬೆಟ್ಟವೂ ಅಲ್ಲ, ಅಷ್ಟೇ.

ಕುಕ್ಕೆ ಕಡೆಯಿಂದ ಹೋಗಬೇಕಾ, ಬೀದಹಳ್ಳಿ ಕಡೆಯಿಂದಾ?

ಬೆಟ್ಟ ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿ, ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ ಇದೆ. ಎರಡು ಕಡೆಯಿಂದ ದಾರಿ.

ಕುಕ್ಕೆ ದಾರಿ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಮೊದಲು ದಟ್ಟ ಕಾಡು, ಬೇರುಗಳ ಮೇಲೆ ಹೆಜ್ಜೆ ಹಾಕುತ್ತಾ ಏರಬೇಕು. ನಡುವೆ ಭೀಮನ ಕಲ್ಲು ಸಿಗುತ್ತದೆ. ಸುಮಾರು 6 ಕಿಲೋಮೀಟರ್ ಆದ ಮೇಲೆ ಗಿರಿಗದ್ದೆ. ದಶಕಗಳಿಂದ ಚಾರಣಿಗರಿಗೆ ಅನ್ನ, ಸಾಂಬಾರ್, ಮಜ್ಜಿಗೆ ಬಡಿಸಿದ ಭಟ್ಟರ ಮನೆ ಇರುವುದು ಇಲ್ಲೇ. ಅದನ್ನು ದಾಟಿದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮುಂದೆ ಬಯಲು ಹುಲ್ಲುಗಾವಲು, ನೆರಳೇ ಇಲ್ಲ. ಕಲ್ಲುಮಂಟಪ, ಆಮೇಲೆ ಶೇಷಪರ್ವತ. ಶೇಷಪರ್ವತ ಹತ್ತಿದವರಿಗೆ "ಅಬ್ಬಾ, ಮುಗೀತು" ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಅಲ್ಲಿಂದ ಶೋಲಾ ಕಾಡಿಗೆ (ಹುಲ್ಲುಗಾವಲಿನ ನಡುವಿನ ಕಣಿವೆಯ ದಟ್ಟ ಕಾಡು) ಇಳಿದು, ಬಂಡೆ ಹತ್ತಿದ ಮೇಲೆ ಕುಮಾರ ಪರ್ವತದ ತುದಿ.

ಬೀದಹಳ್ಳಿ ದಾರಿ ಸೋಮವಾರಪೇಟೆ ಕಡೆಯದು, ಮಲ್ಲಳ್ಳಿ ಜಲಪಾತದ ಹತ್ತಿರ. ಒಂದು ಕಡೆಗೆ ಸುಮಾರು 7 ಕಿಲೋಮೀಟರ್. ಘಟ್ಟದ ಮೇಲಿಂದ ಶುರುವಾಗುವುದರಿಂದ ಏರಬೇಕಾದ ಎತ್ತರ ಕುಕ್ಕೆಯ ಅರ್ಧದಷ್ಟು. ದಾರಿಯ ಜಾಸ್ತಿ ಭಾಗ ಕಾಡಿನ ನೆರಳಲ್ಲೇ ಇದೆ. ಆದರೆ ಕೊನೆಯಲ್ಲಿ ಕಡಿದಾದ ಹಾಸುಬಂಡೆಗಳು ಎದುರಾಗುತ್ತವೆ.

ಮೊದಲ ಸಲ, ಒಂದೇ ದಿನದಲ್ಲಿ ಹೋಗಿ ಬರುವವರು ಬೀದಹಳ್ಳಿ ಕಡೆಯಿಂದ ಹೋಗಿ. ಇದು ನನ್ನ ಖಚಿತ ಅಭಿಪ್ರಾಯ. ಕುಕ್ಕೆ ದಾರಿಯ ಚೆಲುವೇ ಬೇರೆ, ಒಪ್ಪುತ್ತೇನೆ. ಆದರೆ 26 ಕಿಲೋಮೀಟರನ್ನು ಹಗಲಿನಲ್ಲೇ ಮುಗಿಸುವ ಕಾಲು ನಿಮಗಿದೆ ಅಂತ ಇನ್ನೊಂದು ಬೆಟ್ಟದಲ್ಲಿ ಗೊತ್ತು ಮಾಡಿಕೊಂಡು ಆಮೇಲೆ ಬನ್ನಿ.

ಎಷ್ಟು ಹೊತ್ತು ಬೇಕು? ಲೆಕ್ಕ ಹಾಕೋದು ಹೇಗೆ?

ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗರು 1892ರಲ್ಲಿ ಹೇಳಿದ ಒಂದು ಸರಳ ಲೆಕ್ಕ ಇದೆ. 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ದಾರಿಗೆ ಹಾಕಿದರೆ ನಡಿಗೆಗೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಒಟ್ಟು ಐದು ಕಾಲು ಗಂಟೆ. ಇದು ಎಲ್ಲೂ ಕೂರದೆ ನಡೆದರೆ. ನೀರು ಕುಡಿಯಲು, ತಿನ್ನಲು, ಉಸಿರು ತೆಗೆದುಕೊಳ್ಳಲು ನಿಲ್ಲುವುದನ್ನೂ ನಮ್ಮ ಸೆಕೆಯನ್ನೂ ಸೇರಿಸಿದರೆ ಆರೂವರೆ ಗಂಟೆ ಆಗಿಯೇ ಆಗುತ್ತದೆ. ಇಳಿಯಲು ಇನ್ನೈದು.

ಡಿಸೆಂಬರಿನಲ್ಲಿ ಸಿಗುವ ಬೆಳಕು ಸುಮಾರು ಹನ್ನೊಂದೂವರೆ ಗಂಟೆ. ಎಷ್ಟು ಬಿಗಿ ಅಂತ ಕಂಡಿತಲ್ವಾ?

ಅದಕ್ಕೇ ಮನೆಯಿಂದ ಹೊರಡುವಾಗಲೇ ಒಂದು ವಾಪಸ್ ಸಮಯ ಗೊತ್ತುಮಾಡಿಕೊಳ್ಳಿ, ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಳ್ಳಿ. ಕುಕ್ಕೆ ಕಡೆಯಿಂದ ಆದರೆ ಹನ್ನೊಂದೂವರೆಗೆ ಶೇಷಪರ್ವತದ ಮೇಲೆ ಇಲ್ಲದಿದ್ದರೆ ಅಲ್ಲಿಂದಲೇ ತಿರುಗಿ. ಬೀದಹಳ್ಳಿ ಕಡೆಯಿಂದ ಆದರೆ ಮಧ್ಯಾಹ್ನ ಒಂದು ಗಂಟೆಗೆ ನೀವು ಎಲ್ಲೇ ಇರಿ, ಮುಖ ಕೆಳಗೆ ಮಾಡಿ. ನಾವು ಶೇಷಪರ್ವತದಿಂದ ತಿರುಗಿದ ದಿನ ತುದಿ ಎದುರಿಗೇ ಕಾಣುತ್ತಿತ್ತು. ಗೆಳೆಯನೊಬ್ಬನ ಕಾಲು ಹಿಡಿದುಕೊಂಡು ಒಂದು ಗಂಟೆ ತಡವಾಗಿತ್ತು. ಬಹಳ ಬೇಜಾರಾಯಿತು. ಆದರೆ ಗಿರಿಗದ್ದೆಯ ಕೆಳಗಿನ ಕಾಡಿಗೆ ಬಂದಾಗ ಐದೂವರೆ, ಆಗಲೇ ಬೇರು ಯಾವುದು ನೆಲ ಯಾವುದು ಕಾಣುತ್ತಿರಲಿಲ್ಲ. ಇನ್ನೆರಡು ಗಂಟೆ ತಡವಾಗಿದ್ದರೆ ಆ ಕಾಲಿನಲ್ಲಿ ಅವನು ಹೇಗೆ ಇಳಿಯುತ್ತಿದ್ದ ಅಂತ ಈಗಲೂ ಯೋಚಿಸುತ್ತೇನೆ.

ಅನುಮತಿ ಬೇಕಾ? ಅಲ್ಲೇ ಹೋಗಿ ಟಿಕೆಟ್ ತಗೊಳ್ಳಬಹುದಾ?

ಅನುಮತಿ ಬೇಕೇ ಬೇಕು. 2024ರ ಜನವರಿ ಕೊನೆಯಲ್ಲಿ ರಜೆಗೆ ಸಾವಿರಾರು ಜನ ಒಂದೇ ಸಲ ಬಂದು ದಾರಿಯುದ್ದಕ್ಕೂ ಸಾಲು ನಿಂತ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಇಟ್ಟಿದ್ದಾರೆ. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಬುಕ್ ಮಾಡುವಾಗ ಯಾವ ಕಡೆಯ ದಾರಿ ಅಂತ ಸರಿಯಾಗಿ ನೋಡಿಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ. ಬುಕಿಂಗ್ ಚೀಟಿಯನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ನೆಟ್‌ವರ್ಕ್ ನಂಬಬೇಡಿ.

ಬೆಟ್ಟದ ಮೇಲೆ ಟೆಂಟ್ ಹಾಕಿ ಮಲಗುವ ಕಾಲ ಮುಗಿದಿದೆ. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಆ ಜನಸಂದಣಿಯಲ್ಲಿ ಶೋಲಾ ಕಾಡಿನ ನೀರಿನ ಜಾಡು ಏನಾಗಿರಬಹುದು ಯೋಚಿಸಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಮಧ್ಯದಿಂದ ಜನವರಿ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುವುದರಿಂದ ಆಗಲೂ ಮುಚ್ಚುತ್ತಾರೆ. ಅಕ್ಟೋಬರಿನಲ್ಲಿ ಬೆಟ್ಟ ಹಸಿರಾಗಿ ತುಂಬ ಚೆಂದ, ಆದರೆ ಬಂಡೆ ಒದ್ದೆ, ಜಿಗಣೆ ಜಾಸ್ತಿ, ಸಂಜೆ ಗುಡುಗು. ಚಂಪಾಷಷ್ಠಿ ಸಮಯಕ್ಕೆ ಕುಕ್ಕೆಯಲ್ಲಿ ರೂಮು ಸಿಗುವುದು ಕಷ್ಟ, ಪಂಚಾಂಗ ನೋಡಿಕೊಂಡು ದಿನ ಇಡಿ.

ತಯಾರಿ ಎಷ್ಟು ವಾರ ಮೊದಲು ಶುರು ಮಾಡಬೇಕು?

ಎಂಟು ವಾರ. ಜಿಮ್ ಬೇಡ, ಮೆಟ್ಟಿಲು ಸಾಕು.

ಮೊದಲ ಮೂರು ವಾರ ದಿನಾ 40 ನಿಮಿಷ ಬಿರುಸು ನಡಿಗೆ. ನಾಲ್ಕನೇ ವಾರದಿಂದ ವಾರಕ್ಕೆ ಮೂರು ದಿನ ಮೆಟ್ಟಿಲು. ಅಪಾರ್ಟ್‌ಮೆಂಟಿನ ಮೆಟ್ಟಿಲಾದರೂ ಸರಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯುತ್ತಾರೆ. ಬೆಟ್ಟದಲ್ಲಿ ಲಿಫ್ಟ್ ಇಲ್ಲ. ಹತ್ತುವಾಗ ದಣಿಯುವುದು ಎದೆ ಮತ್ತು ಉಸಿರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆದುಕೊಳ್ಳುತ್ತಲೇ ಇಡೀ ಮೈಭಾರವನ್ನು ತಡೆದು ನಿಲ್ಲಿಸಬೇಕು. ಅಭ್ಯಾಸ ಇಲ್ಲದ ಸ್ನಾಯು ಈ ಕೆಲಸಕ್ಕೆ ಬೇಗ ಸೋಲುತ್ತದೆ, ಆಗ ಕಾಲು ನಡುಗಲು ಶುರು. ನಡುಗುವ ಕಾಲಿನಲ್ಲೇ ಜನ ಜಾರಿ ಬೀಳುವುದು. ಹಾಗಾಗಿ ಮೆಟ್ಟಿಲು ಎಷ್ಟು ಹತ್ತುತ್ತೀರೋ ಅಷ್ಟೂ ಇಳಿಯಿರಿ, ನಿಧಾನವಾಗಿ, ಧಡ್ ಅಂತ ಪಾದ ಬಡಿಯದೆ.

ಆರನೇ ವಾರದಿಂದ ನಿಜವಾದ ಬೆಟ್ಟ. ಬೆಂಗಳೂರಿನವರಿಗೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಇದೆ, ಬಂಡೆಯ ಅಭ್ಯಾಸಕ್ಕೆ ಮಾಗಡಿ ಹತ್ತಿರದ ಸಾವನದುರ್ಗಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದು ಬೆಳಗ್ಗೆ ಎರಡು ಸಲ ಹತ್ತಿ ಇಳಿಯಿರಿ. ಮಂಗಳೂರು, ಪುತ್ತೂರು ಕಡೆಯವರಿಗೆ ಬೆಳ್ತಂಗಡಿಯ ಗಡಾಯಿಕಲ್ಲು ಇದೆ, ಅಲ್ಲಿನ ಸೆಕೆಯೂ ಒಂದು ಪಾಠವೇ. ಬೆಟ್ಟಕ್ಕೆ ಒಯ್ಯುವ ಬ್ಯಾಗನ್ನೇ ಹೊತ್ತು, ಅಷ್ಟೇ ನೀರು ತುಂಬಿಕೊಂಡು ಹತ್ತಿ. ಕೊನೆಯ ಐದು ದಿನ ಕಾಲಿಗೆ ವಿಶ್ರಾಂತಿ ಕೊಡಿ.

ಒಂದು ಪರೀಕ್ಷೆ: ಸಾವನದುರ್ಗವನ್ನು ನೀರಿನ ಬ್ಯಾಗ್ ಸಮೇತ ಹತ್ತಿ ಇಳಿದ ಮಾರನೇ ದಿನ ಆರಾಮಾಗಿ ಕೆಲಸಕ್ಕೆ ಹೋಗಲು ಆದರೆ ನೀವು ಬೀದಹಳ್ಳಿ ದಾರಿಗೆ ರೆಡಿ.

ಯಾವ ಶೂ ಹಾಕಬೇಕು?

ತಳದಲ್ಲಿ ಆಳದ ಹಲ್ಲುಗಳಿರುವ, ಮೆತ್ತನೆ ರಬ್ಬರಿನ ಟ್ರೆಕ್ಕಿಂಗ್ ಶೂ. ಬ್ರ್ಯಾಂಡ್ ಮುಖ್ಯ ಅಲ್ಲ. ಓಟದ ಶೂ ತಳ ಸವೆದು ನುಣುಪಾಗಿದ್ದರೆ ಬಂಡೆಯ ಮೇಲೆ ಸೋಪಿನ ಹಾಗೆ ಜಾರುತ್ತದೆ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿ. ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ಹಾಕಿಕೊಂಡು ಬರಲೇಬೇಡಿ, ಕನಿಷ್ಠ 40 ಕಿಲೋಮೀಟರ್ ನಡೆದಿರಿ.

ಬಂಡೆ ಹತ್ತುವಾಗ ಭಯ ಆಗುತ್ತದೆ. ಏನಾದರೂ ಉಪಾಯ ಇದೆಯಾ?

ಇದೆ. ಭಯ ಆದಾಗ ನಾವೆಲ್ಲ ಬಂಡೆಯನ್ನು ತಬ್ಬಿಕೊಳ್ಳಲು ಹೋಗುತ್ತೇವೆ. ಮೈ ಬಂಡೆಗೆ ವಾಲಿದಷ್ಟೂ ಪಾದ ಹೊರಗೆ ತಳ್ಳಿಕೊಂಡು ಜಾರುತ್ತದೆ. ನೆಟ್ಟಗೆ ನಿಂತರೆ ಮೈಭಾರ ನೇರ ಪಾದದ ಮೇಲೆ ಬೀಳುತ್ತದೆ, ರಬ್ಬರ್ ಬಂಡೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಾವನದುರ್ಗದಲ್ಲಿ ಹತ್ತು ನಿಮಿಷ ಇದನ್ನು ಮಾಡಿ ನೋಡಿ, ನಿಮಗೇ ನಂಬಿಕೆ ಬರುತ್ತದೆ.

ಪಾದವನ್ನು ಪೂರ್ತಿ ಊರಿ, ಹಿಮ್ಮಡಿಯನ್ನೂ ಸೇರಿಸಿ. ಚಿಕ್ಕ ಚಿಕ್ಕ ಹೆಜ್ಜೆ ಇಡಿ. ಕಡಿದಾದ ಕಡೆ ನೇರವಾಗಿ ಏರುವ ಬದಲು ಓರೆಯಾಗಿ, ಹಾವಿನ ನಡೆಯಲ್ಲಿ ಏರಿ. ಕೈ ಬೇಕಾದಷ್ಟು ಕಡಿದಾದರೆ ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಬಂಡೆಯ ಮೇಲಿರಲಿ, ಒಂದನ್ನು ಮಾತ್ರ ಸರಿಸಿ. ಕಪ್ಪು ಬಣ್ಣದ ಪಟ್ಟೆ ಕಂಡರೆ ಬಿಟ್ಟು ನಡೆಯಿರಿ. ಅದು ನೀರು ಹರಿಯುವ ಜಾಗ, ಒಣಗಿದ ಹಾಗೆ ಕಂಡರೂ ಪಾಚಿ ಇರುತ್ತದೆ. ಹುಲ್ಲಿನ ಕಡ್ಡಿ ಹಿಡಿದು ಮೈ ಎಳೆದುಕೊಳ್ಳಬೇಡಿ, ಬೇರು ಸಮೇತ ಕೈಗೆ ಬರುತ್ತದೆ.

ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರಲಿ. ತೀರಾ ಕಡಿದಾದ ಕಡೆ ಕೂತು ಜಾರುತ್ತಾ ಇಳಿಯುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ನಾನೂ ಹಾಗೇ ಇಳಿಯುತ್ತೇನೆ. ಬಂಡೆಯ ಭಾಗದಲ್ಲಿ ಊರುಗೋಲನ್ನು ಮಡಚಿ ಬ್ಯಾಗಿಗೆ ಕಟ್ಟಿ, ಕೈ ಖಾಲಿ ಇರಲಿ. ಫೋನ್ ಜೇಬಿಗೆ. ನಿಮ್ಮ ಮೇಲಿರುವವರ ಕಾಲಿನಿಂದ ಕಲ್ಲು ಉರುಳಬಹುದು, ಅವರ ನೇರ ಕೆಳಗೆ ನಿಲ್ಲಬೇಡಿ.

ಮಳೆ ಬಂದರೆ?

ತುದಿಯ ಬಂಡೆಗೆ ಮೊದಲೇ ಮಳೆ ಶುರುವಾದರೆ ವಾಪಸ್. ಗುಡುಗು ಕೇಳಿಸಿತು ಅಂದರೆ ಬಯಲು ಹುಲ್ಲುಗಾವಲು ಮತ್ತು ಏಣು ಬಿಟ್ಟು ಆದಷ್ಟು ಬೇಗ ಕೆಳಗಿನ ಕಾಡಿಗೆ ಇಳಿಯಿರಿ. ಒಂಟಿ ಮರದ ಕೆಳಗಾಗಲೀ ಕಲ್ಲುಮಂಟಪದೊಳಗಾಗಲೀ ನಿಲ್ಲಬೇಡಿ. ಮಂಟಪ ಮಳೆಗೆ ಆಸರೆ, ಸಿಡಿಲಿಗೆ ಅಲ್ಲ.

ಎಷ್ಟು ನೀರು ಒಯ್ಯಬೇಕು? ಊಟಕ್ಕೆ ಏನು?

ತಲಾ ಮೂರು ಲೀಟರ್. ದಾರಿಯಲ್ಲಿ ಕಲ್ಲುಮಂಟಪದ ಹತ್ತಿರ, ಶೋಲಾ ಕಾಡಿನಲ್ಲಿ ನೀರಿನ ಜಾಡು ಇದೆ, ಆದರೆ ಬೇಸಿಗೆ ಹತ್ತಿರ ಬಂದ ಹಾಗೆ ಬತ್ತುತ್ತದೆ. ಅದನ್ನು ನಂಬಿಕೊಂಡು ಹೊರಡಬೇಡಿ. ಸಿಕ್ಕಿದರೂ ಶುದ್ಧ ಮಾಡುವ ಮಾತ್ರೆ ಹಾಕಿ ಕುಡಿಯಿರಿ.

ಬರೀ ನೀರು ಸಾಲದು. ಕರಾವಳಿಯ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಆಮೇಲೆ ತೊಡೆ ಹಿಡಿದುಕೊಳ್ಳುತ್ತದೆ, ತಲೆ ಭಾರ ಆಗುತ್ತದೆ. ಒಂದು ಲೀಟರಿಗೆ ಓಆರ್‌ಎಸ್ ಪುಡಿ ಬೆರೆಸಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಬೇಕಾದರೆ ನಿಂಬೆ ಹಿಂಡಿ. ಬಾಯಾರುವ ತನಕ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು.

ಊಟಕ್ಕೆ ಚಪಾತಿ ಚಟ್ನಿಪುಡಿ, ಪುಳಿಯೋಗರೆ, ಅವಲಕ್ಕಿ, ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಕಡಲೆಮಿಠಾಯಿ, ಖರ್ಜೂರ, ಬಾಳೆಹಣ್ಣು. ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಅನ್ನು ಚೆಕ್‌ಪೋಸ್ಟಿನಲ್ಲಿ ತಪಾಸಣೆ ಮಾಡುತ್ತಾರೆ. ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತನ್ನಿ. ಕೊಳೆಯುವ ವಸ್ತು ತಾನೇ ಅನ್ನಬೇಡಿ, ದಿನಕ್ಕೆ 300 ಸಿಪ್ಪೆ ಆದರೆ?

ಜಿಗಣೆಗೆ ಏನು ಮಾಡೋದು?

ಮಲೆನಾಡಿನವರು ಇಂಬಳ ಅನ್ನುತ್ತಾರೆ. ಉದ್ದನೆಯ ಸಾಕ್ಸ್ ಒಳಗೆ ಪ್ಯಾಂಟ್ ಸೇರಿಸಿ. ಸಾಕ್ಸಿಗೆ ಉಪ್ಪು ನೀರು ಅಥವಾ ಹೊಗೆಸೊಪ್ಪಿನ ನೀರು ಹಚ್ಚುವುದು ಹಳೆಯ ಉಪಾಯ, ಕೆಲಸ ಮಾಡುತ್ತದೆ. ಕಚ್ಚಿದರೆ ಉಗುರಿನಿಂದ ಬುಡ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಕಾಡುಪ್ರಾಣಿಗಳ ಭಯ ಇದೆಯಾ?

ಆನೆ, ಕಾಟಿ ಇರುವ ಕಾಡು ಇದು. ಕಾಳಿಂಗ ಸರ್ಪದ ನಾಡೂ ಹೌದು. ಹಗಲಲ್ಲಿ, ಗುಂಪಿನಲ್ಲಿ, ದಾರಿ ಬಿಡದೆ ನಡೆದರೆ ಎದುರಾಗುವುದು ಅಪರೂಪ. ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ನಿಂತು ಕೇಳಿಸಿಕೊಳ್ಳಿ, ಮೆಲ್ಲಗೆ ಹಿಂದೆ ಸರಿಯಿರಿ. ಸೆಲ್ಫಿ ಬೇಡ. ಸ್ಪೀಕರ್ ಹಾಡು ಬೇಡವೇ ಬೇಡ. ಹಾಡು ಹಾಕಿದರೆ ಪ್ರಾಣಿಯ ಸದ್ದು ನಿಮಗೇ ಕೇಳುವುದಿಲ್ಲ.

ಶೌಚಕ್ಕೆ? ಮುಟ್ಟಿನ ದಿನವಾಗಿದ್ದರೆ?

ದಾರಿಯಲ್ಲಿ ಶೌಚಾಲಯ ಇರುತ್ತದೆ ಅಂತ ಲೆಕ್ಕ ಹಾಕಬೇಡಿ. ನೀರಿನ ಜಾಡಿನಿಂದ 60 ಮೀಟರ್ ಆದರೂ ದೂರ ಹೋಗಿ, ಒಂದು ಗೇಣು ಗುಂಡಿ ತೋಡಿ, ಆಮೇಲೆ ಮುಚ್ಚಿ. ಮುಟ್ಟು ಹತ್ತದಿರಲು ಕಾರಣವಲ್ಲ, ನಿಮ್ಮ ಮೈ ಹೇಗನ್ನಿಸುತ್ತದೋ ಹಾಗೆ ನಿರ್ಧರಿಸಿ. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ವಾಪಸ್ ತನ್ನಿ. ಗುಂಪಿನ ಗಂಡಸರಿಗೆ ಒಂದು ಮಾತು: ಮಹಿಳೆಯರು ಹತ್ತು ನಿಮಿಷ ನಿಲ್ಲಬೇಕು ಅಂದರೆ ಕಾರಣ ಕೇಳಬೇಡಿ.

ಬ್ಯಾಗಿನಲ್ಲಿ ಇನ್ನೇನಿರಬೇಕು?

ಟೋಪಿ, ರೇನ್‌ಕೋಟ್, ಒಂದು ತೆಳು ಜಾಕೆಟ್. ತುದಿಯಲ್ಲಿ ಕುಕ್ಕೆಗಿಂತ ಸುಮಾರು ಹತ್ತು ಡಿಗ್ರಿ ಚಳಿ ಜಾಸ್ತಿ, ಬೆವರಿದ ಮೈಗೆ ಗಾಳಿ ಬೇರೆ. ಕ್ರೇಪ್ ಬ್ಯಾಂಡೇಜ್, ನಿಮ್ಮ ದಿನನಿತ್ಯದ ಮಾತ್ರೆ, ಸೀಟಿ. ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು. ಸಂಜೆಯೊಳಗೆ ಇಳಿಯುವ ಯೋಚನೆ ಇದ್ದರೂ ಟಾರ್ಚ್ ಬಿಟ್ಟು ಬರಬೇಡಿ. ಎಲ್ಲ ಸೇರಿ ನೀರಿನ ಸಮೇತ ಏಳು ಕಿಲೋ ಮೀರದಿರಲಿ.

ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಅರವತ್ತು ದಾಟಿದ, ದಿನಾ ತೋಟ ಸುತ್ತುವ ಮಲೆನಾಡಿನವರು ನನ್ನನ್ನು ಹಿಂದೆ ಹಾಕಿದ್ದಾರೆ. ವಯಸ್ಸಿಗಿಂತ ಅಭ್ಯಾಸ ನೋಡಿ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮೊಣಕಾಲಿನ ಹಳೆಯ ಗಾಯ ಇದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ಚಿಕ್ಕ ಮಕ್ಕಳಿಗೆ ಮಲ್ಲಳ್ಳಿ ಜಲಪಾತ ಸಾಕು.

ದಾರಿ ತಪ್ಪಿದರೆ ಅಥವಾ ಯಾರಾದರೂ ಬಿದ್ದರೆ?

ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಲ್ಲಿ. ಕೊನೆಯದಾಗಿ ಖಚಿತ ಗೊತ್ತಿದ್ದ ಜಾಗಕ್ಕೆ ವಾಪಸ್ ಹೋಗಿ. "ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತೆ" ಎಂಬ ಮಾತನ್ನು ಘಟ್ಟದಲ್ಲಿ ನಂಬಬೇಡಿ. ಇಲ್ಲಿ ಹಳ್ಳ ಹೋಗಿ ಬೀಳುವುದು ಪ್ರಪಾತಕ್ಕೆ. ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ಸರಿಯುವ ತನಕ ಒಂದೇ ಕಡೆ ಕೂರಿ. ಸೀಟಿಯ ಮೂರು ಊದು ಸಹಾಯದ ಸಂಕೇತ.

ಯಾರಾದರೂ ಬಿದ್ದರೆ ಒಬ್ಬರು ಜೊತೆಗಿರಿ, ಇಬ್ಬರು ಚೆಕ್‌ಪೋಸ್ಟಿಗೆ ಹೋಗಿ ತಿಳಿಸಿ. ಸಿಗ್ನಲ್ ಸಿಕ್ಕ ಕಡೆ 112ಕ್ಕೆ ಕರೆ ಮಾಡಿ. ತಲೆ, ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಎತ್ತಲು ಹೋಗಬೇಡಿ. ಗುಂಪು ನಾಲ್ಕು ಜನಕ್ಕಿಂತ ಚಿಕ್ಕದಿರಬಾರದು ಅಂತ ಹೇಳುವುದು ಇದಕ್ಕೇ.

ತುದಿಯಲ್ಲಿ ಏನಿದೆ?

ಚಿಕ್ಕ ಗುಡಿ, ಕುಮಾರಸ್ವಾಮಿಯ ಪಾದ, ಗಾಳಿ. ತಾರಕನನ್ನು ಕೊಂದ ಮೇಲೆ ಕುಮಾರಸ್ವಾಮಿ ಇಲ್ಲಿಗೆ ಬಂದ, ಇಂದ್ರನ ಮಗಳು ದೇವಸೇನೆಯನ್ನು ಇಲ್ಲೇ ಮದುವೆಯಾದ ಅನ್ನುತ್ತದೆ ಸ್ಥಳಪುರಾಣ. ಕುಕ್ಕೆಯಲ್ಲಿ ನಾವು ಮೀಯುವ ಕುಮಾರಧಾರೆ ಹುಟ್ಟುವುದೂ ಈ ಬೆಟ್ಟದಲ್ಲೇ. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಬಟ್ಟಲಿನಷ್ಟು ನೀರು ಜಿನುಗುವ ಕಡೆ ಕೂತು ಅದನ್ನು ನೆನೆದರೆ ಬಂದ ದಣಿವು ಮರೆಯುತ್ತದೆ. ಅರ್ಧ ಗಂಟೆ ಕೂರಿ, ಅದಕ್ಕಿಂತ ಜಾಸ್ತಿ ಬೇಡ. ಕಾಲು ತಣ್ಣಗಾದರೆ ಇಳಿಯುವಾಗ ಬಿಗಿಯುತ್ತದೆ.

ಬಂದ ಮೇಲೆ ಮೈಕೈ ನೋವು ಎಷ್ಟು ದಿನ? ಜ್ವರ ಬಂದರೆ?

ತೊಡೆ ನೋವು ಎರಡನೇ ದಿನ ಜೋರು, ನಾಲ್ಕನೇ ದಿನಕ್ಕೆ ಇಳಿಯುತ್ತದೆ. ಮಲಗಿಬಿಡಬೇಡಿ, ಮೆಲ್ಲಗೆ ನಡೆದಾಡಿ. ಮೊಣಕಾಲು ಊದಿದ್ದರೆ ಅದು ಬರೀ ಸ್ನಾಯು ನೋವಲ್ಲ, ತೋರಿಸಿ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಕಂಕುಳು, ಕಿವಿಯ ಹಿಂದೆ, ಮೊಣಕಾಲ ಹಿಂಭಾಗ ಉಣ್ಣೆ (ರಕ್ತ ಹೀರುವ ಉಣುಗು) ಅಂಟಿದೆಯಾ ನೋಡಿಕೊಳ್ಳಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲವೂ ಚಾರಣದ ಕಾಲವೂ ಹೆಚ್ಚುಕಡಿಮೆ ಒಂದೇ. ಅಂಟಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಉಜ್ಜಬೇಡಿ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈನೋವು ಬಂದರೆ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿ ಬಂದೆ ಅನ್ನುವುದನ್ನು ಮೊದಲ ಮಾತಿಗೇ ಹೇಳಿ.